ಮುಚ್ಚಳ ಇಲ್ಲದ ಕ್ಯಾಮರಾ

ಅಂಗಲ್ಲ ಕಣ್ಲಾ ಕುಳ್ಳಯ್ಯ, ಪೂರ್ತಿ ಕೇಳು. ನಿನ್ ಎಂಡ್ತಿ ಪೋಟ ನಾನ್ ತೆಗೀನಿಲ್ಲ ಅಂದ್ನಾ? ತೆಗ್ದೆ. ಪಾಲಹಳ್ಳಿ ಮಹದೇವಸ್ವಾಮಿ ಮಗಳು ಸ್ನೇಹನ ಮದ್ವೇಲಿ, ಪಾಂಡವಪುರದ ಛತ್ರದಲ್ಲಿ, ಅಡಿಗೆ ಮನೆ ಬಾಗ್ಲು ತಾವ. ನೀನೂ ಮಾಯಮ್ಮನೂ ನಿಂತ್ಕಂಡ್ರಿ, ನಾನು ಹೊಡ್ದೆ. ಬೆಳಕು ಬಂತೋ ಇಲ್ವೋ? ಬಂತು. ನೀನೇ ಕಣ್ಣು ಉಜ್ಕಂಡೆ. ಆದ್ರೆ ರೀಲು ತೊಳಿಯೋನು ಮೈಸೂರಲ್ಲಿ ಕೂತವ್ನೆ. ತೊಳಿಯೋ ಹೊತ್ನಲ್ಲಿ ಬೆಳಕು ಬುಟ್ಟು ಆ ತುದೀನೆಲ್ಲ ಹಾಳು ಮಾಡ್ಬುಟ್ಟ. ಅದಕ್ಕೆ ಈ ಹೊನ್ನಪ್ಪ ಏನ್ ಮಾಡ್ತಾನೆ? ಕೂತ್ಕ. ಆ ಸ್ಟೂಲ್ ಎಳ್ಕಂಡು ಕೂತ್ಕ. ಫ್ಲಾಸ್ಕಲ್ಲಿ ಟೀ ಅದೆ, ಬಗ್ಸಿ ಕೊಡ್ತೀನಿ.

ಯಾಕಂಗ್ ನೋಡ್ತೀಯಾ? ಹೋದ್ಸಲ ಬಂದಾಗ ರೀಲು ಇನ್ನೂ ಬಂದಿಲ್ಲ ಅಂದಿದ್ದೆ, ಹೌದು. ಅವಾಗ ಬಂದಿರ್ನಿಲ್ಲ. ಈಗ ಬಂತು, ಕೆಟ್ಟೋಗಿ ಬಂತು. ಎರಡೂ ನಿಜವೇಯ.

ನಿನ್ ಕಷ್ಟ ನಂಗೆ ಗೊತ್ತಾಗಕಿಲ್ವಾ? ಒಂದೇ ಸ್ಕೂಲಲ್ಲಿ ಒಂದೇ ಮೇಷ್ಟ್ರ ಕೈಲಿ ಏಟು ತಿಂದೋರು ನಾವು. ಶ್ರಾವಣದಲ್ಲಿ ಕಾಮಾಲೆ ಬಂದು ಮಾಯಮ್ಮ ಹೋದ್ಲು ಅಂದಾಗ ನಂಗೆ ಒಂದೊತ್ತು ಉಣ್ಣಕ್ಕಾಗ್ನಿಲ್ಲ. ಈಗ ಪಿತೃಪಕ್ಷ ಬಂತು, ಎಡೆ ಇಕ್ಕಕ್ಕೆ ಗೋಡೆ ಮೇಲೆ ಒಂದ್ ಮುಖ ಬೇಕು. ನ್ಯಾಯವೇ. ವೋಟಿನ ಕಾರ್ಡಿಗೆ ತೆಗ್ದಿದ್ರಲ್ಲ, ಅದು? ಅವತ್ತು ತೌರಿಗೆ ಹೋಗಿದ್ಲಾ? ಸರಿಹೋಯ್ತು. ಆಯಸ್ಸೆಲ್ಲ ಕಳ್ದು ಒಂದೂ ಪೋಟ ಇಲ್ದಂಗೆ ಹೋದ್ಲಲ್ಲಪ್ಪ.

ಅದೇನ್ಲಾ ಕಂಕುಳಲ್ಲಿ ಕವರು? ...ಓ. ಸುದರ್ಶನ ಕೊಟ್ನಾ? ಮಹದೇವಸ್ವಾಮಿ ಬೀಗರ ಕಡೆಯೋನು, ನಾಗಮಂಗಲದ ಆ ಮದುವೆ ಗಂಡಿನ ಭಾವ. ಬಂದವ್ನೆ ಅಂತ ಕೇಳ್ದೆ. ಅವ್ನ್ ತೆಗ್ದಿರೋ ಪೋಟಾನ ನನ್ ಸ್ಟುಡಿಯೋ ಒಳಕ್ಕೆ ತಂದಿದೀಯಾ? ಮಡಗು ಅಲ್ಲಿ, ಕೆಳಕ್ಕೆ ಮಡಗು. ಆಮೇಲ್ ನೋಡಾನ. ನಂಗೇನ್ ಅವಸ್ರ ಇಲ್ಲ.

ಅವ್ನ ಕ್ಯಾಮರಾ ನೋಡ್ದಲ್ಲ ನೀನು? ಸೋಪಿನ ಡಬ್ಬಿ! ನಾನು ಮಂಟಪದ ಎದ್ರಿಗೆ ಹೆಗಲಿಗೆ ಚೀಲ ಹಾಕ್ಕಂಡು ಬೆವ್ರು ಸುರಿಸ್ತಾ ನಿಂತಿದೀನಿ, ಇವ್ನು ಜೇಬಿಂದ ಸೋಪಿನ ಡಬ್ಬಿ ತೆಗ್ದ. 'ಇದಕ್ಕೆ ರೀಲೇ ಬೇಡ ಕಣ್ರಿ' ಅಂದ. ಬಿಸ್ಕತ್ತಿನಷ್ಟು ಒಂದು ಕಾರ್ಡು ತೋರ್ಸ್ದ, ಪೋಟ ಎಲ್ಲಾ ಅದ್ರೊಳಕ್ಕೆ ಹೋಗ್ತದಂತೆ. ಬೆಂಗಳೂರಲ್ಲಿ ಯಾವ್ದೋ ಜಾಹೀರಾತು ಕಂಪ್ನೀಲಿ ಕೆಲ್ಸ. ಕ್ಯಾಮರಾ ಆಪೀಸಿಂದು, ಅವ್ನ ಅಪ್ಪಂದಲ್ಲ. ಅಲ್ಪಂಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡ್ದ ಅಂತಾರಲ್ಲ, ಇವ್ನು ಹಾಡುಹಗಲಲ್ಲೇ ಫ್ಲಾಶ್ ಹೊಡ್ಕಂಡು ಛತ್ರ ಸುತ್ತಿದ. ಜನ ನನ್ ಬುಟ್ಟು ಅವ್ನ ಹಿಂದೆ.

ನನ್ ಕೈಗೂ ಕೊಟ್ಟ, ನೋಡಿ ಅಂತ. ನೋಡ್ದೆ. ಮೇಲೊಂದು ಚಕ್ರ. ತಿರುಗ್ಸುದ್ರೆ ಒಂದೊಂದು ಗುರುತು. ಹೂವಿನ ಗುರುತು, ಅದು ಹತ್ರದ್ದು ತೆಗಿಯಕ್ಕೆ. ಬೆಟ್ಟದ ಗುರುತು, ಅದು ದೂರದ್ದಕ್ಕೆ. ಮನುಷನ್ ತಲೆ ಗುರುತು ಬೇರೆ! ಎದ್ರಿಗಿರೋದು ಮನುಷನೋ ಬೆಟ್ಟವೋ ಅಂತ ನಾವೇ ಕ್ಯಾಮರಾಕ್ಕೆ ಹೇಳ್ಕೊಡ್ಬೇಕಂತೆ. ಅಂಗಂದ್ಮೇಲೆ ಅದಕ್ಯಾಕ್ಲಾ ಬುದ್ಧಿವಂತ ಕ್ಯಾಮರಾ ಅನ್ನೋದು? ಮೋಡ ಇದ್ರೆ ಮೋಡದ ಗುರುತು ಒತ್ತು, ಬಲ್ಬ್ ಇದ್ರೆ ಬಲ್ಬಿನ ಗುರುತು ಒತ್ತು, ಇಲ್ದಿದ್ರೆ ಮದುವೆ ಹೆಣ್ಣು ಅರಿಶಿನ ಕಾಮಾಲೆ ಬಂದಂಗೆ... ಬುಡು. ಬಾಯ್ ತಪ್ತು ಕಣ್ಲಾ. ಟೀ ಕುಡಿ, ಆರೋಗ್ತದೆ.

ನಗ್ತೀಯಾ? ಇದಕ್ಕೆ ನಗು ಮತ್ತೆ. ಅದ್ರಲ್ಲಿ ಬಟನ್ ಒತ್ತುದ್ರೆ ಪೋಟ ಬೀಳಕಿಲ್ಲ. ಮೊದ್ಲು ಅರ್ಧ ಒತ್ಬೇಕು. ಅದು ಕುಂಯ್ ಕುಂಯ್ ಅಂತ ಯೋಚ್ನೆ ಮಾಡ್ತದೆ. ಆಮೇಲ್ ಪೂರ್ತಿ ಒತ್ಬೇಕು. ಆಗ್ಲೂ ಇನ್ನೊಂದ್ಸಲ ಯೋಚ್ನೆ ಮಾಡ್ತದೆ. ಅಷ್ಟೊತ್ಗೆ ತಾಳಿ ಕಟ್ಟಿ ಆಗೋಗದೆ. ಸುದರ್ಶನನ ಕ್ಯಾಮರಾದಲ್ಲಿ ಸ್ನೇಹನ ತಾಳಿ ಬಿದ್ದಿಲ್ಲ, ಪುರೋಹಿತರ ಮೊಣಕೈ ಬಿದ್ದದೆ! ನಾನ್ ನೋಡ್ದೆ, ಹಿಂದ್ಗಡೆ ಬೆಂಕಿಪೊಟ್ಣದಷ್ಟು ಟೀವಿ ಅದೆಯಲ್ಲ, ಅದ್ರಲ್ಲಿ. ಊಟಕ್ಕೆ ಎಲೆ ಹಾಕೋದ್ರೊಳ್ಗೆ ಸೆಲ್ಲು ಬೇರೆ ಮುಗ್ದೋಯ್ತು. ಅಂಗ್ಡಿಗೆ ಓಡ್ದ. ಸೆಲ್ಲು ತೆಗ್ದು ಹಾಕುದ್ರೆ ಅದಕ್ಕೆ ತಾರೀಕೇ ಮರ್ತೋಗ್ತದಂತೆ. ಇವತ್ತು ಯಾವತ್ತು ಅಂತ ಗೊತ್ತಿಲ್ದಿರೋ ಕ್ಯಾಮರಾ ನಿಂಗೆ ಮದ್ವೆ ತೆಗೀತದಾ?

ಆ ಟೀವಿ ಒಂದು ದೊಡ್ಡ ಪೀಡೆ. ತೆಗ್ದ ತಕ್ಷಣ ತೋರ್ಸ್ತದೆ. ಏನ್ ಅವಸ್ರ? ಅತ್ತೆ ಬಂದ್ಲು, ನೋಡುದ್ಲು, ನಾನು ದಪ್ಪ ಕಾಣ್ತೀನಿ ಅಳ್ಸು ಅಂದ್ಲು. ಕಸದಬುಟ್ಟಿ ಗುರುತು ಅದೆ, ಒತ್ತುದ, ಅಳ್ಸ್ದ. ಮಾವ ಬಂದ, ಕಣ್ಣು ಮುಚ್ಚಿದೀನಿ ಅಂದ, ಅವ್ನ್ನೂ ಅಳ್ಸ್ದ. ಪೋಟ ಅನ್ನೋದು ಸ್ಲೇಟ್ ಮೇಲಿನ ಲೆಕ್ಕವೇನ್ಲಾ? ನಮ್ಮಲ್ಲಿ ತೆಗ್ದ್ ಮೇಲೆ ಕಾಯ್ಬೇಕು. ನಂಬ್ಬೇಕು. ಆಮೇಲ್ ಇನ್ನೊಂದು ಕೇಳು, ಅವತ್ತಿಂದ ಯಾವ್ ಮದ್ವೇಗೆ ಹೋಗ್ಲಿ, ಐಕ್ಳು ನನ್ ಕ್ಯಾಮರಾ ಹಿಂದಕ್ಕೆ ಬಂದು ಇಣುಕ್ತವೆ. 'ತೋರ್ಸು ಮಾವ, ಎಂಗ್ ಬಂತು ತೋರ್ಸು.' ಏನ್ ತೋರ್ಸ್ಲಿ?

ಏನಂದೆ? ...ಬರೀ ಬೆಳಕು ಹೊಡಿಯೋದಾ? ಓ, ಆ ಮಾತು ನಿನ್ ಕಿವಿಗೂ ಬಿತ್ತಾ. ಅಂಥೋರು ಅವ್ರೆ. ಕೆ.ಆರ್. ಪೇಟೆ ಕಡೆ ಒಬ್ಬ ಅವ್ನೆ, ಹೆಸ್ರು ಯಾಕೆ. ಮದ್ವೇಲಿ ಬಂದೋರೆಲ್ಲ ನಂದೊಂದ್ ತೆಗಿ, ನಂದೊಂದ್ ತೆಗಿ ಅಂತಾರೆ. ರೀಲು ಎಷ್ಟಿರ್ತದೆ? ಬ್ಯಾಡ ಅಂದ್ರೆ ಮುನಿಸ್ಕತಾರೆ. ಅದಕ್ಕೆ ಬರೀ ಫ್ಲಾಶ್ ಮಾತ್ರ ಹೊಡ್ದು ಕಳಿಸ್ಬುಡ್ತಾನೆ. ಬೆಳಕು ಬಂದ್ರೆ ಸಾಕು, ಜನ ಪೋಟ ಬಂತು ಅಂತ ಖುಷಿಯಾಗಿ ಹೋಗ್ತಾರೆ. ಛೀ, ಅದೂ ಒಂದ್ ಬದುಕೇನ್ಲಾ? ನಾನು ಆ ಪೈಕಿ ಅಲ್ಲ.

ಎದೆ ಮುಟ್ಕಂಡು ಹೇಳ್ತೀನಿ, ಕ್ಯಾಮರಾ ಅಂದ್ರೆ ಇದು. ಹಿಡ್ಕ. ಹಿಡ್ಕ ಕಣ್ಲಾ, ಕಚ್ಚಕಿಲ್ಲ. ತೂಕ ನೋಡು. ಎಷ್ಟು ಮದ್ವೆ ಕಂಡದೆ ಇದು. ಅವ್ನ ಡಬ್ಬಿಗೆ ಒಂದ್ ಮುಚ್ಚಳ ಕೂಡ ಇಲ್ಲ. ಗುಂಡಿ ಒತ್ತುದ್ರೆ ಮೂತಿ ಆಚೆಗೆ ಬರ್ತದೆ, ಆಮೆ ತಲೆ ಚಾಚ್ದಂಗೆ. ಬ್ಯಾಡ ಅಂದ್ರೆ ತಾನೇ ಒಳಕ್ಕೆ ಎಳ್ಕತದೆ. ನಮ್ದು ಅಂಗಲ್ಲ. ದೇವ್ರ ಮುಂದೆ ತೆರೆ ಸರ್ಸ್ದಂಗೆ ಮುಚ್ಚಳಾನ ಕೈಯಾರ ತೆಗೀಬೇಕು. ಇಗೋ, ಇಂಗೆ. ಮುಚ್ಚಳ ಹಾಕಿದ್ರೆ ರೀಲಿಗೂ ಕತ್ಲು, ಈ ತೂತಲ್ಲಿ ಕಣ್ಣಿಟ್ಟು ನೋಡೋ ನಂಗೂ ಕತ್ಲು. ಬೇಕಾರೆ ಕಣ್ಣಿಟ್ ನೋಡು... ಏನಾರ ಕಾಣ್ತದಾ? ಇಲ್ವಲ್ಲ. ಈಗ ತೆಗ್ದೆ, ನೋಡು. ಕಂಡ್ತಾ ಬೀದಿ? ಕಂಡ್ತಾ ಎತ್ತಿನ ಗಾಡಿ? ಅದು ಮರ್ಯಾದೆ. ಮುಚ್ಚಳಾನ ನೀನೇ ಹಿಡ್ಕಂಡಿರು, ನಾನ್ ಲೆನ್ಸ್ ಒರಸ್ತೀನಿ. ಹುಸಾರು, ಮುಚ್ಚಳದ್ ಮೇಲೆ ಬಿಳೀ ಅಕ್ಷರ ಅವೆಯಲ್ಲ, ಉಜ್ಬೇಡ, ಬಣ್ಣ ಹೋಯ್ತದೆ.

ಇನ್ನೊಂದು ಗುಟ್ಟು ಹೇಳ್ತೀನಿ. ನನ್ ಲೆನ್ಸಲ್ಲಿ ಹೆಣ್ಣು ಮುಖಕ್ಕೆ ತಿರುಗ್ಸುದ್ರೆ ಹೆಣ್ಣು ಮಾತ್ರ ಚೊಕ್ಕ, ಹಿಂದ್ಗಡೆಯೋರೆಲ್ಲ ಮಂಜು. ಪೋಟೋಗ್ರಾಫರ್ ಅಂದ್ರೆ ಅವ್ನೇ ಕಣ್ಲಾ, ಯಾರು ಮುಖ್ಯ, ಯಾರು ಅಲ್ಲ ಅಂತ ಗೊತ್ತಿರೋನು. ಅವ್ನ ಡಬ್ಬಿಗೆ ಆ ಗ್ಯಾನವೇ ಇಲ್ಲ. ಮುಂದಿರೋ ಹೆಣ್ಣೂ ಚೊಕ್ಕ, ಹಿಂದಿರೋ ಎಂಜಲೆಲೆ ರಾಶೀನೂ ಚೊಕ್ಕ. ಪಟೇಲನೂ ಒಂದೇ, ಪಾತ್ರೆ ತೊಳಿಯೋಳೂ ಒಂದೇ ಅದಕ್ಕೆ. ಕತ್ತೆಗೇನ್ ಗೊತ್ತು ಕಸ್ತೂರಿ ವಾಸ್ನೆ.

...ಯಾಕೆ ಮುಖ ಅಂಗ್ ಮಾಡ್ದೆ? ಮಾಯಮ್ಮಂಗೆ ಅಂದಿದ್ದಲ್ಲ ಕಣ್ಲಾ. ಮಾತಿಗ್ ಅಂದೆ. ಅವ್ಳು ಆ ಮದ್ವೇಲಿ ಎಷ್ಟು ದುಡುದ್ಲು ಅಂತ ನಾನ್ ಕಾಣ್ನಾ? ಮಸಾಲೆ ರುಬ್ಬೋದ್ರಿಂದ ಹಿಡ್ದು ಕೊನೇ ತಪ್ಪಲೆ ಉಜ್ಜೋಗಂಟ ಅವ್ಳೇ. ಕೆಲ್ಸ ಎಲ್ಲಾ ಮುಗಿಸ್ಕಂಡು, ಮುಖ ತೊಳ್ಕಂಡು, ಚೀಲದಿಂದ ಹೊಸ ಸೀರೆ ತೆಗ್ದು ಉಟ್ಕಂಡು ಬಂದು, 'ಅಣ್ಣಾ, ನಮ್ಮಿಬ್ರುದ್ದೂ ಒಂದು' ಅಂದ್ಲು. ಆಗ್ಲೇ ಬೀಗರು ಹೊರ್ಡೋ ಹೊತ್ತು, ಹೆಣ್ಣು ಒಪ್ಪಿಸೋದು ಇನ್ನೂ ಬಾಕಿ, ರೀಲಲ್ಲಿ ಇದ್ದಿದ್ದೇ ವಸಿ... ಆದ್ರೂ ಹೊಡ್ದೆ. ಹೊಡ್ದೆ ಅಂತಿದೀನಲ್ಲ.

ಆಯ್ತು, ಅಳೋದ್ರಿಂದ ಆಗೋದೇನಿಲ್ಲ. ದಾರಿ ಹೇಳ್ಕೊಡ್ತೀನಿ. ಮಾಯಮ್ಮನ ತಂಗಿ ಚಲುವಮ್ಮ ಕಿರಂಗೂರಲ್ಲಿ ಅವ್ಳಲ್ಲ? ಅವ್ಳ ಮದ್ವೆ ಪೋಟ ನಾನೇ ತೆಗ್ದಿದ್ದು, ಇಲ್ಲೇ ಅದೆ. ಒಂದೇ ಅಚ್ಚು ಇಬ್ರೂ. ಬ್ರಷ್ಷಲ್ಲಿ ಕೆನ್ನೆ ವಸಿ ಇಳಿಸ್ತೀನಿ, ಮೂಗುಬೊಟ್ಟು ದೊಡ್ಡದು ಮಾಡ್ತೀನಿ, ಕೂದ್ಲಲ್ಲಿ ನಾಕು ಬೆಳ್ಳಿ ಎಳೆ ಬುಡ್ತೀನಿ. ಫ್ರೇಮ್ ಹಾಕಿ ಹಾರ ಬಿಟ್ರೆ ಮಾಯಮ್ಮನೇ ಬಂದು ಕೂತಂಗೆ. ಯಾರಿಗ್ ಗೊತ್ತಾಗ್ತದೆ? ಎಷ್ಟ್ ಮನೇಲಿ ಇಂಗ್ ಮಾಡ್ಕೊಟ್ಟಿಲ್ಲ...

ಯಾಕ್ಲಾ ಎದ್ದೆ? ಕೂತ್ಕ. ಕೋಪ ಬಂತಾ? ...ಕವರ್ ಯಾಕೆ ಮುಖದ್ ಮುಂದೆ ಹಿಡೀತೀಯಾ? ಸರಿ, ಕೊಡು. ಕೊಡು ಅತ್ಲಾಗೆ. ಸುದರ್ಶನನ ಘನಂದಾರಿ ಕೆಲ್ಸ ಅದೇನೋ ನೋಡೇ ಬುಡಾನ.

ಥೂ! ಕಾಗದ ನೋಡು, ಕಲ್ಯಾಣ ಪತ್ರಿಕೆಗೂ ಇದಕ್ಕಿಂತ ಒಳ್ಳೇ ಕಾಗದ ಹಾಕ್ತಾರೆ. ಕಂಪ್ಯೂಟರಲ್ಲಿ ಹೊಡ್ಸವ್ನೆ. ಕೆಂಪು ಎಲ್ಲಾ ಸುಣ್ಣ ಬೆರ್ಸ್ದಂಗೆ. ಮುಂದ್ಗಡೆ ಇದು ಅವ್ನ ಮಗಳು ಅಮೂಲ್ಯಾ, ಲಾಡು ಕಚ್ತಾವ್ಳೆ. ಮಗಳ ಪೋಟ ತೆಗೀತಾವ್ನೆ ಸರಿ, ಹಿಂದ್ಗಡೆ ನೋಡು, ನಾನ್ ಹೇಳ್ನಿಲ್ವಾ, ತಪ್ಪಲೆ ಚೊಕ್ಕ, ಎಲೆ ರಾಶಿ ಚೊಕ್ಕ, ಅಡಿಗೆ ಮನೆ ಬಾಗ್ಲು... ತಡಿ. ಇದು... ಮಾಯಮ್ಮ ಅಲ್ವಾ? ಮಾಯಮ್ಮ ಕಣ್ಲಾ! ಹಸಿರು ಸೀರೆ, ಮೂಗುಬೊಟ್ಟು ಸಮೇತ ಕಾಣ್ತದೆ. ಸಿವನೇ, ಎಂಥಾ ನಗು ಅವ್ಳದ್ದು! ಹಿಂಗೆ ನಕ್ಕಿದ್ಲಾ ಅವತ್ತು? ಎದ್ರಿಗೇ ನಿಂತಿದ್ದೋನು, ನಂಗೆ ಕಾಣ್ಲೇ ಇಲ್ವಲ್ಲಾ...

ಅಂದ್ರೆ... ಮರ್ತೋಗದೆ ಅಂತ. ಕಂಡಿರ್ತದೆ, ಮರ್ತೋಗದೆ.

ಪಕ್ದಲ್ಲಿ ನೀನು, ಕಂಬ ನಿಂತಂಗೆ. ಈ ಕಡೆ ಓರೆಯಾಗಿ ಹೊಟ್ಟೆ ಬುಟ್ಕಂಡು ನಿಂತಿರೋನು... ನಾನು. ಫ್ಲಾಶ್ ಉರೀತಾನೂ ಅದೆ. ಸರಿಯಾಗ್ ಅದೇ ಗಳಿಗೇಲಿ ಒತ್ತವ್ನೆ ಬಡ್ಡೀಮಗ, ಆ ಯೋಚ್ನೆ ಮಾಡೋ ಡಬ್ಬೀಲಿ. ಕ್ಯಾಮರಾ ಕಣ್ಣಿಗೆ ಹಿಡ್ದಿದೀನಿ. ಅದ್ರ ಮುಂದ್ಗಡೆ ಏನೋ... ಧೂಳು ಇರ್ಬೇಕು. ಧೂಳು. ಬಿಳೀದು... ಅಕ್ಷರ...

ತಾರೀಕ್ ನೋಡ್ದಾ! ಮೂಲೇಲಿ ಏನ್ ಬರ್ದದೆ ನೋಡು, ಜನವರಿ ಒಂದು! ಮದ್ವೆ ಯಾವಾಗ ಆಗಿದ್ದು? ಬೇಸ್ಗೇಲಿ! ನಾನ್ ಹೇಳ್ನಿಲ್ವಾ, ಈ ಕ್ಯಾಮರಾ ಸುಳ್ಳು ಹೇಳ್ತದೆ ಅಂತ. ತಾರೀಕೇ ಸುಳ್ಳು ಹೇಳೋದು ಇನ್ನೇನ್ ಹೇಳಕಿಲ್ಲ? ಇದನ್ನ ನಂಬ್ಕಂಡು ನೀನು...

ಮುಚ್ಚಳ ಆಮೇಲ್ ತೆಗ್ದೆ ಕಣ್ಲಾ. ಇದು ಮೊದ್ಲು. ಮೊದ್ಲು ಒಂದ್ಸಲ ಬೆಳಕು ನೋಡ್ಕಂಡು, ಆಮೇಲ್ ಮುಚ್ಚಳ ತೆಗ್ದು ಇನ್ನೊಂದ್... ಒಂದೇ ಸಲ ಬಂತಾ ಬೆಳಕು? ನಿಂಗೆ ನೆನಪದ್ಯಾ?

ಕುಳ್ಳಯ್ಯ. ಬೈಯಿ. ಎರಡ್ ಮಾತು ಬೈದ್ಬುಡು. ನಿನ್ ಕೈಲಿರೋ ಮುಚ್ಚಳಾನ ಅಂಗ್ ತಿರುಗಿಸ್ಬೇಡ, ಕೊಡಿಲ್ಲಿ. ...ಯಾಕ್ಲಾ ಅದನ್ನ ಪೋಟದ್ ಮೇಲೆ ಮಡಗ್ದೆ? ಸರೀಗೆ ನನ್ ಮೇಲೆ.

ಓ.

ಇಷ್ಟ್ ತೆಗ್ದು ಹಾಕಿ, ಅವ್ಳದ್ದ್ ಮಾತ್ರ ದೊಡ್ಡದು ಮಾಡ್ಕೊಡು ಅಂತಲಾ? ಇದನ್ನೇ ಕೇಳಕ್ಕೆ ಬಂದಿದ್ದಾ ನೀನು? ಮಾಡ್ಕೊಡ್ತೀನಿ. ಪಕ್ಷದೊಳ್ಗೆ ಮಾಡ್ಕೊಡ್ತೀನಿ. ನನ್ನ ಪೂರ್ತಿ ಕತ್ತರ್ಸಿ ಬಿಸಾಕ್ತೀನಿ, ಒಂದ್ ಬೆರಳೂ ಉಳೀದಂಗೆ. ಆದ್ರೆ ಕುಳ್ಳಯ್ಯ, ಗೋಡೆ ಮೇಲೆ ಅವ್ಳು ನಾನಿದ್ದ ಕಡೀಕೇ ತಿರುಗ್ಕಂಡು ನಗ್ತಾನೇ ಇರ್ತಾಳೆ ಕಣ್ಲಾ. ಯಾರ್ನ ನೋಡಿ ನಗ್ತಾವ್ಳೆ ಅಂತ ಎಡೆ ಇಕ್ಕಕ್ಕೆ ಬಂದೋರು ಕೇಳುದ್ರೆ, ಏನಂತ ಹೇಳ್ತೀಯಾ?