ತುರ್ತು ಬಾಗಿಲಿಗೆ ಸುತ್ತಿದ ತಂತಿ

ಹೇಳಿಕೆ ಕೊಡುವವರು: ಶಾಲಾ ಬಸ್ಸಿನ ಆಯಾ, ವಯಸ್ಸು 54, ಕೆಲಸಕ್ಕೆ ಸೇರಿ ಒಂಬತ್ತು ವರ್ಷ. ವಾಸ: ಶಾಲೆಯ ಹಿಂದಿನ ರಸ್ತೆ, ಇಸ್ತ್ರಿ ಅಂಗಡಿಯ ಮಹಡಿ ಮೇಲಿನ ಒಂಟಿ ಕೋಣೆ. ಮಕ್ಕಳು ನನ್ನನ್ನು ಬಸ್ಸಜ್ಜಿ ಎನ್ನುತ್ತಾರೆ.

ಈ ಮೂಲಕ ತಿಳಿಸುವುದೇನೆಂದರೆ, ನಾಲ್ಕನೇ ನಂಬರಿನ ಬಸ್ಸಿನ ಹಿಂಬದಿಯ ತುರ್ತು ಬಾಗಿಲಿನ ಚಿಲಕ ಮೂರು ವಾರಗಳಿಂದ ಸಡಿಲವಾಗಿತ್ತು. ರಸ್ತೆಯಲ್ಲಿ ಗುಂಡಿ ಸಿಕ್ಕಿದಾಗೆಲ್ಲ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಶಾಲೆಯ ಬಸ್ಸುಗಳನ್ನು ನೋಡಿಕೊಳ್ಳುವ ಸೂಪರ್‌ವೈಸರ್‌ಗೆ ಎರಡು ಸಲ ಹೇಳಿದೆ. ಮೊದಲ ಸಲ ಬರೆದುಕೊಂಡರು. ಎರಡನೇ ಸಲ, ರಿಪೇರಿಗೆ ಬಸ್ಸು ನಿಲ್ಲಿಸಿದರೆ ಮಕ್ಕಳನ್ನ ನೀನು ಹೊತ್ಕೊಂಡು ಬರ್ತೀಯೇನಮ್ಮ, ಸದ್ಯಕ್ಕೆ ತಂತಿ ಸುತ್ತು ಎಂದರು. ನಾನು ಮನೆಯಲ್ಲಿ ಬಟ್ಟೆ ಒಣಹಾಕುವ ತಂತಿಯನ್ನೇ ಬಿಚ್ಚಿ ತಂದು ಐದು ಸುತ್ತು ಸುತ್ತಿದೆ. ಮಗು ಹೊರಗೆ ಬಿದ್ದೀತೆಂಬ ಹೆದರಿಕೆಗೆ ಬಿಗಿಯಾಗಿಯೇ ಸುತ್ತಿದೆ. ಡ್ರೈವರ್ ನೋಡಿ, ಅಜ್ಜಿ, ಇದನ್ನ ಬಿಚ್ಚೋಕೆ ಇಕ್ಕಳ ಬೇಕಾಗುತ್ತೆ ಎಂದು ನಕ್ಕರು. ನಾನೂ ನಕ್ಕೆ.

ನಿನ್ನೆ ಸೋಮವಾರ ಮಧ್ಯಾಹ್ನ 3.40ಕ್ಕೆ ಹತ್ತೊಂಬತ್ತು ಮಕ್ಕಳೊಂದಿಗೆ ಬಸ್ಸು ಶಾಲೆಯಿಂದ ಹೊರಟಿತು. 3.52ಕ್ಕೆ, ನೀರಿನ ಟ್ಯಾಂಕ್ ದಾಟಿ ಸುಮಾರು ಇನ್ನೂರು ಅಡಿಯಲ್ಲಿ, ರಬ್ಬರ್ ಸುಟ್ಟ ವಾಸನೆ ಬಂತು. ಡ್ರೈವರ್ ಬಸ್ಸನ್ನು ಬದಿಗೆ ನಿಲ್ಲಿಸುವಷ್ಟರಲ್ಲಿ ಮುಂದಿನ ಮೆಟ್ಟಿಲ ಬಳಿ ಬೆಂಕಿ ಎದ್ದಿತ್ತು. ಅವರು ತಮ್ಮ ಕಡೆಯ ಬಾಗಿಲಿನಿಂದ ಹೊರಗೆ ಹಾರಿ ಬಸ್ಸಿನ ಹಿಂಬದಿಗೆ ಓಡಿದರು. ಆ ದಾರಿಗೂ ಬೆಂಕಿ ಹಬ್ಬಿತು. ನಾನು ಮಕ್ಕಳನ್ನು ಹಿಂದಕ್ಕೆ ತಳ್ಳಿಕೊಂಡು ಹೋಗಿ ತಂತಿಗೆ ಕೈ ಹಾಕಿದೆ. ಎರಡು ಸುತ್ತು ಬಿಚ್ಚಿತು. ಮೂರನೆಯದು ಬಿಚ್ಚಲಿಲ್ಲ. ಉಗುರು ಕಿತ್ತುಹೋದದ್ದು ಆಮೇಲೆ ತಿಳಿಯಿತು.

ಡ್ರೈವರ್ ಹೊರಗಿನಿಂದ ಜಾಕ್ ರಾಡಿನಲ್ಲಿ ಹಿಂದಿನ ಗಾಜು ಒಡೆದರು. ನಾನು ಒಬ್ಬೊಬ್ಬರನ್ನೇ ಎತ್ತಿ ಕೊಟ್ಟೆ. ಹೊಗೆಯಲ್ಲಿ ಮುಖ ಕಾಣುತ್ತಿರಲಿಲ್ಲ, ಕೈಗೆ ಸಿಕ್ಕವರನ್ನು ಕೊಟ್ಟೆ. ಯಾರೂ ಸಿಗದಾದಾಗ ನಾನೂ ಇಳಿದೆ. ರಸ್ತೆಬದಿಯಲ್ಲಿ ಎಣಿಸಿದರೆ ಹದಿನೆಂಟು. ಮತ್ತೆ ಎಣಿಸಿದೆ. ಇಲ್ಲದವನು ಒಂದನೇ ತರಗತಿಯ ಹುಡುಗ. ಬಸ್ಸು ರಾತ್ರಿ ಎಲ್ಲಿ ಮಲಗುತ್ತೆ, ಹಾರನ್‌ಗೆ ಗಂಟಲು ನೋಯಲ್ವಾ ಎಂದು ದಿನವೂ ತಲೆ ತಿನ್ನುತ್ತಿದ್ದ ಕಾರಣ ಅವನನ್ನು ಪ್ರಶ್ನೆಪತ್ರಿಕೆ ಎಂದು ಕರೆಯುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ಬಸ್ಸಜ್ಜಿ, ಬಸ್ಸಜ್ಜಿ ಎಂದು ಕೇಳಿಸಿತು. ನಾನು ಹತ್ತಲು ಹೋದೆ. ಡ್ರೈವರ್ ನನ್ನನ್ನು ಪಕ್ಕಕ್ಕೆ ನೂಕಿ ತಾವೇ ಒಳಗೆ ನುಗ್ಗಿ, ಸೀಟಿನ ಕೆಳಗೆ ಅವಿತಿದ್ದ ಅವನನ್ನು 4.01ಕ್ಕೆ ಹೊರಗೆ ತಂದರು. 5.20ಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡ.

ಆರು ಗಂಟೆಗೆ ಸೂಪರ್‌ವೈಸರ್ ಅಲ್ಲಿಗೆ ಬಂದು, ಚಿಲಕ ಶಾಖಕ್ಕೆ ಕಚ್ಚಿಕೊಂಡಿತು ಅಂತ ಹೇಳಮ್ಮ, ತಂತಿ ಮಾತು ಎತ್ತಬೇಡ, ಸುತ್ತಿದ್ದು ನಿನ್ನ ಕೈ ಅನ್ನೋದು ಮರೀಬೇಡ ಎಂದರು. ಮರೆತಿಲ್ಲ, ಅದಕ್ಕೇ ಬರೆಸುತ್ತಿದ್ದೇನೆ. ಹೇಳಿದ್ದು ಅವರು, ಸುತ್ತಿದ್ದು ನಾನು.

ಆಮೇಲೆ ಹುಡುಗನ ತಾಯಿ ಬಂದು ಬೆಂಚಿನಲ್ಲಿ ನನ್ನ ಪಕ್ಕ ಕುಳಿತರು. ಒಳಗಿದ್ದಾಗ ಅವನು ಏನಾದರೂ ಅಂದನೇ ಎಂದು ಕೇಳಿದರು. ಅಮ್ಮಾ ಅಂದ ಎಂದೆ. ಅವರು ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಅವನು ಕರೆದದ್ದು ನನ್ನನ್ನು. ಈ ಸಾಲನ್ನು ಮಾತ್ರ ಅವರಿಗೆ ಓದಿ ಹೇಳಬಾರದೆಂದು ಕೇಳಿಕೊಳ್ಳುತ್ತೇನೆ.

ಆ ಒಂದು ಮಾತಿನ ಹೊರತು ನಾನು ಯಾರಿಗೂ ಸುಳ್ಳು ಹೇಳಿಲ್ಲ. ಮೇಲಿನದನ್ನು ಓದಿಸಿ ಕೇಳಿದ್ದೇನೆ, ಸರಿಯಿದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಮಂಗಳವಾರ, ಬೆಳಿಗ್ಗೆ 10.15
ಬಲಗೈಗೆ ಬ್ಯಾಂಡೇಜ್ ಇರುವುದರಿಂದ ಸಹಿಯ ಬದಲು ಎಡಗೈ ಹೆಬ್ಬೆಟ್ಟು