ಎರಡನೇ ಗುಂಡಿ

ಹಲೋ, ಆಸ್ಪತ್ರೆ. ಯಾರು ಮಾತಾಡೋದು? ಯಾವ ವಾರ್ಡಿಗೆ ಕೊಡಲಿ?...

ಓ, ಅಣ್ಣನಾ... ಹಾಂ, ಬಂದ್ಬಿಟ್ಟೆ. ವೋಟ್ ಹಾಕಿ ಆಯ್ತಲ್ಲ, ಇನ್ನೇನು ಕೆಲಸ ಅಲ್ಲಿ? ಆಟೋ ಹಿಡಿದು ಡ್ಯೂಟಿಗೆ ಬಂದೆ...

ಹೌದು, ಒಬ್ಬಳೇ. ಕಣ್ಣಿಲ್ಲ ಅಷ್ಟೇ, ದಾರಿ ಕೇಳೋಕೆ ಬಾಯಿದೆಯಲ್ಲ...

ಕೋಪನಾ? ಒಂದೇ ಒಂದು ಕೇಳ್ತೀನಿ, ಹೇಳು. ವೋಟಿನ ಮಿಷನ್ನಲ್ಲಿ ಯಾವ ಗುಂಡಿ ಒತ್ತಿಸು ಅಂದಿದ್ದೆ ನಾನು?...

ಹಾಂ, ಎರಡನೇದು. ಚುನಾವಣೆಗೆ ನಿಂತಿರೋದು ನಮ್ಮ ಆಸ್ಪತ್ರೆಯ ಹಳೇ ನರ್ಸಮ್ಮ, ನನ್ನ ವೋಟು ಅವರಿಗೇ ಅಂತ ದಾರಿಯುದ್ದಕ್ಕೂ ಹೇಳ್ತಾ ಬಂದೆ, ಅಲ್ವಾ? ನೀನೂ ಹೂಂ ಹೂಂ ಅಂದೆ. ಮತ್ತೆ ನನ್ನ ಬೆರಳನ್ನ ಐದರ ಮೇಲೆ ಯಾಕೆ ಇಟ್ಟೆ?...

ಸುಳ್ಳು ಹೇಳ್ಬೇಡ. ನಿನ್ನ ಕೈ ಬೆವೆತಿತ್ತು, ಜಾರ್ತು. ಗುಂಡಿ ಪಕ್ಕದ ಬ್ರೈಲ್ ಚುಕ್ಕಿ ಬೆರಳಿಗೆ ಸಿಕ್ತು. ದಿನಾ ಬೆರಳಲ್ಲೇ ಓದೋಳು ನಾನು, ಐದು ಅಂದ್ರೆ ಐದೇ. ಕೈ ಎಳ್ಕೊಳ್ಳೋಕೆ ಹೋದೆ, ನೀನು ಬಿಡ್ಲಿಲ್ಲ. ಒತ್ತೇಬಿಟ್ಟೆ. ಪೀಂ ಅಂತು, ಮುಗೀತು...

ಅಲ್ಲೇ ಕೇಳ್ಬೇಕಿತ್ತಾ? ಅಷ್ಟು ಜನರ ಮುಂದೆ ಅಣ್ಣನ್ನ ಹೆಂಗೆ ಕೇಳ್ಲಿ? ಒಂದ್ನಿಮಿಷ ಇರು, ಇನ್ನೊಂದು ಲೈನು...

ಹಲೋ, ಆಸ್ಪತ್ರೆ. ಹೆರಿಗೆ ವಾರ್ಡಾ? ಕೊಡ್ತೀನಿ, ಇಡಬೇಡಿ...

ಹಾಂ, ಹೇಳು...

ನಿನ್ನ ಅಂಗಡಿ ಮುಂದೆ ರಸ್ತೆಗೆ ಚಾಚಿರೋ ತಗಡಿನ ಚಪ್ಪರನಾ? ಅದನ್ನ ಕೀಳಿಸಲ್ಲ ಅಂದ್ರಾ ಆ ಐದನೇ ಗುಂಡಿಯವರು? ಅದಕ್ಕೆ ನಮ್ಮನೆ ವೋಟೆಲ್ಲಾ ನಿಮ್ಮದೇ ಅಂತ ಮಾತು ಕೊಟ್ಟೆ! ನಿನ್ನದು ಕೊಡು, ಅತ್ತಿಗೆ ಒಪ್ಪಿದ್ರೆ ಅವರದೂ ಕೊಡು. ನನ್ನದನ್ನ ಕೊಡೋಕೆ ನೀನ್ಯಾರು?...

ಎಲ್ಲಾ ಒಂದೇ ಮನೆಯಂತೆ! ತಂಗಿ ಹೇಳಿದ್ದನ್ನೇ ಒತ್ತಿಸ್ತೀನಿ ಅಂತ ಅಧಿಕಾರಿ ಮುಂದೆ ಸೈನ್ ಹಾಕಿದ್ಯಲ್ಲ. ಬೇಲಿನೇ ಎದ್ದು ಹೊಲ ಮೇಯ್ತಲ್ಲಪ್ಪಾ...

ಇಲ್ಲ, ಅಳ್ತಿಲ್ಲ... ಅಳ್ತಿದೀನಿ, ಏನೀಗ? ನೀನು ಮೆಟ್ಟಿಲು ಅಂದ್ರೆ ಮೆಟ್ಟಿಲು, ಚರಂಡಿ ಅಂದ್ರೆ ಚರಂಡಿ. ಹೌದೋ ಅಲ್ವೋ ಅಂತ ಒಂದಿನನೂ ಕೋಲು ಚಾಚಿ ನೋಡಿದೋಳಲ್ಲ ನಾನು. ನಿನ್ನನ್ನ ಅಷ್ಟು ನಂಬಿದ್ದೆ...

ದೂರು ಕೊಡ್ತೀನಿ. ಡ್ಯೂಟಿ ಮುಗಿಸ್ಕೊಂಡು ಮತಗಟ್ಟೆಗೇ ಹೋಗ್ತೀನಿ. ಹೋದ ವೋಟು ವಾಪಸ್ ಬರಲ್ಲ, ಗೊತ್ತು. ಆದ್ರೆ ಬ್ರೈಲ್ ಇದೆ ಅಂತ ಇಷ್ಟು ವರ್ಷ ಒಬ್ರೂ ಯಾಕೆ ಹೇಳ್ಲಿಲ್ಲ? ಕಣ್ಣಿಲ್ಲದೋಳು ಬಂದ್ರೆ ಅವಳನ್ನ ಬಿಟ್ಟು ಪಕ್ಕದೋರನ್ನ ಯಾಕೆ ಮಾತಾಡಿಸ್ತಾರೆ? ಕೇಳೇ ಕೇಳ್ತೀನಿ...

ಮರ್ಯಾದೆನಾ? ಯಾರದು, ನಿಂದಾ ನಂದಾ?...

ಏನಂದೆ?... ಇನ್ನೊಂದ್ಸಲ ಹೇಳು. "ಇದೇನು ಹೊಸದಾ" ಅಂದ್ಯಲ್ಲ. ಹಂಗಂದ್ರೆ? ಹೋದ ಸಲಾನೂ?...

ಅದರ ಹಿಂದಿನ ಸಲ?...

ಮೊದಲನೇ ಸಲ? ನಾನು ಬೆರಳಿನ ಮಸಿ ತೋರಿಸ್ತಾ ಬೀದಿಯೋರಿಗೆಲ್ಲ ಸಿಹಿ ಹಂಚಿದ್ನಲ್ಲ, ಅವತ್ತು? ಇವತ್ತು ನನ್ನ ಮಗಳೂ ಎಲ್ಲರ ಸಮ ಆದ್ಲು ಅಂತ ಅಪ್ಪ ಬೆನ್ನು ತಟ್ಟಿದ್ರಲ್ಲ. ನೀನೂ ಪಕ್ಕದಲ್ಲೇ ನಿಂತು ನಗ್ತಿದ್ದೆ...

ಅವತ್ತೂನಾ? ಅಣ್ಣಾ... ನಾನು ಒಂದು ಸಲನಾದ್ರೂ ವೋಟ್ ಹಾಕಿದೀನಾ?...

ಹಲೋ?... ಅಣ್ಣಾ, ಇಡಬೇಡ... ಹಲೋ...