ಕೆಂಪು ಮೀನಿನ ಹೆಸರು

ಸ್ಕಾಟ್ಲೆಂಡಿನ ಒಂದು ಬೆಸ್ತರ ಹಳ್ಳಿಯ ಬಸ್ ನಿಲ್ದಾಣದಲ್ಲಿ ನೆಟ್ಟಾ ಬಸ್ಸಿಗೆ ಕಾಯುತ್ತಾ ಎರಡೂ ಕೈಯಲ್ಲಿ ಚೀಲ ಹಿಡಿದು ನಿಂತಿದ್ದಳು. ಗಾಳಿಗೆ ಮರೆಯಾಗಿ ಬೆಂಚಿನ ಮೇಲೆ ಕೂತಿದ್ದ ಎಲ್ಸ್‌ಪೆತ್ ಮತ್ತು ಅವಳ ಮುದಿಗಂಡ ಡೇವಿ, ತಮ್ಮ ಮದುವೆಯ ವಾರ್ಷಿಕೋತ್ಸವದ ಊಟ ಎಲ್ಲಿ ಎಂದು ಜಗಳಕ್ಕೆ ಬಿದ್ದಿದ್ದರು.

“ಈ ಸಲ ದಿಬ್ಬದ ಮೇಲಿನ ಹೋಟೆಲಿಗೇ ಹೋಗೋಣ ರೀ. ಬಿಳೀ ಬಟ್ಟೆ ಹಾಸಿದ ಮೇಜು!”

“ಕರಿದ ಮೀನಿನ ಅಂಗಡಿಗೆ ಏನಾಗಿದೆ ಧಾಡಿ? ಪೊಟ್ಟಣ ಬಿಚ್ಚಿ ಬಂದರಿನ ಕಟ್ಟೆ ಮೇಲೆ ಕೂತ್ರೆ ಸ್ವರ್ಗ.”

“ನಿಮಗೆ ಸ್ವರ್ಗ. ಹೋದ ವರ್ಷ ನನ್ನ ಪಾಲನ್ನ ಕಡಲಹಕ್ಕಿ ತಿಂತು.”

“ಆ ಹೋಟೆಲಲ್ಲಿ ಬರೀ ಆ ಕೆಂಪು ಮೀನು ಕಣೇ.”

“ಹೆಸರು ಹೇಳಿದ್ರೆ ಬಾಯಿ ಸುಡುತ್ತಾ?”

“ದೋಣಿ ಕಡಲಲ್ಲಿರುವಾಗ ಅದರ ಹೆಸರು ಎತ್ತಬಾರದು, ಅಪಶಕುನ. ನಮ್ಮ ಕಾಲಿನ್ ಇನ್ನೂ ವಾಪಸ್ ಬಂದಿಲ್ಲ.”

“ಮಗನೇ ನಿಮ್ಮನ್ನ ನೋಡಿ ನಗ್ತಾನೆ! ಬಡಿಸೋ ಹುಡುಗಿ ಕೇಳಿದ್ರೆ ಏನಂತೀರಿ?”

“ಬೆರಳು ತೋರಿಸ್ತೀನಿ. ಬಾಯಿ ತಪ್ಪಿ ಬಂದ್ರೆ ಕಬ್ಬಿಣ ಮುಟ್ಟಿದ್ರಾಯ್ತು, ದೋಷ ಹೋಗುತ್ತೆ.”

“ಹುಚ್ಚಿಗೂ ಒಂದು ಮಿತಿ ಬೇಡ್ವಾ? ನಾನೇ ಹೇಳ್ತೀನಿ, ಕೇಳಿ.”

ಎಲ್ಸ್‌ಪೆತ್ ಬಾಯಿ ತೆರೆದಳು. ಬಂದರಿನಾಚೆ ಕಡಲು ಖಾಲಿಯಾಗಿತ್ತು, ಒಂದು ದೋಣಿಯೂ ಕಾಣಲಿಲ್ಲ. ತೆರೆದ ಬಾಯಿ ಹಾಗೇ ಮುಚ್ಚಿತು.

“ಏಳಿ, ಕರಿದ ಮೀನೇ ತಿನ್ನೋಣ. ಹಕ್ಕಿ ಬಂದ್ರೆ ಮಾತ್ರ ನಿಮ್ಮ ಪಾಲು ನನಗೆ.”

“ಅದಕ್ಕೇನಂತೆ, ತಗೊಳ್ಳೇ.”

ಡೇವಿ ಮುಂದೆ ನಡೆದ. ಎಲ್ಸ್‌ಪೆತ್ ಒಂದು ಗಳಿಗೆ ಹಿಂದೆ ಉಳಿದು, ಗಂಡ ನೋಡದ ಹಾಗೆ, ನಿಲ್ದಾಣದ ಕಬ್ಬಿಣದ ಕಂಬ ಮುಟ್ಟಲು ಕೈ ಚಾಚಿದಳು.

ಎಲ್ಲ ಕೇಳಿಸಿಕೊಳ್ಳುತ್ತಾ ನಿಂತಿದ್ದ ನೆಟ್ಟಾಳ ಚೀಲ ನೆಲದ ಮೇಲಿತ್ತು. ಅವಳ ಕೈ ಆಗಲೇ ಆ ಕಂಬದ ಮೇಲಿತ್ತು.